ನಾಣ್ಯಗಳ ‘ದೋಷ’ ಮತ್ತು ‘ಹಾನಿ’: ಪದಬಳಕೆಯ ಬಗ್ಗೆ

ಮಾನ್ಯರೆ,

ಹಳೆಯ ನಾಣ್ಯಗಳ ಕುರಿತು ಕನ್ನಡದಲ್ಲಿ ಬರೆಯುವವರು ‘ದೋಷಪೂರಿತ ನಾಣ್ಯ’ ಎಂಬ ಮಾತನ್ನು ಟಂಕಸಾಲೆಯಲ್ಲೇ ಆದ ತಪ್ಪಿಗೂ, ನಾಣ್ಯ ಕೈಬದಲಾಗುತ್ತ ಹೋದ ಮೇಲೆ ಯಾರೋ ಜಜ್ಜಿ, ಕತ್ತರಿಸಿ, ಅರ ಹಾಕಿ ಕೆಡಿಸಿದ್ದಕ್ಕೂ ಬಳಸುತ್ತಿದ್ದಾರೆ. ಮಾರುವವರ ಬಾಯಲ್ಲಿ ಎರಡೂ ‘ಮಿಸ್‌ಪ್ರಿಂಟ್’. ಮೊದಲನೆಯದಕ್ಕೆ ಸಂಗ್ರಾಹಕರು ಹೆಚ್ಚು ಬೆಲೆ ಕೊಡುತ್ತಾರೆ, ಎರಡನೆಯದರಿಂದ ಬೆಲೆ ಇಳಿಯುತ್ತದೆ. ಆದ್ದರಿಂದ ಹೊಸದಾಗಿ ಸಂಗ್ರಹಕ್ಕಿಳಿದವರು ಮೋಸಹೋಗಲು ಈ ಅಸ್ಪಷ್ಟ ಪದವೇ ದಾರಿಮಾಡಿಕೊಡುತ್ತಿದೆ ಎಂಬುದು ನನ್ನ ಆತಂಕ.

ಈಸ್ಟ್ ಇಂಡಿಯಾ ಕಂಪನಿಯ 1835ರ ತಾಮ್ರದ ಕಾಲಾಣೆಯನ್ನೇ ನೋಡಿ. ತಗಡಿನಿಂದ ಬಿಲ್ಲೆ (ಇನ್ನೂ ಅಚ್ಚೊತ್ತದ ಲೋಹದ ತುಂಡು) ಕತ್ತರಿಸುವಾಗ, ಆಗಲೇ ಕತ್ತರಿಸಿದ ತೂತಿನ ಮೇಲೆ ಯಂತ್ರ ಸ್ವಲ್ಪ ಅತಿಕ್ರಮಿಸಿದರೆ ಬಿಲ್ಲೆಯ ಒಂದು ಪಕ್ಕ ಬಾಗಿದ ಗೆರೆಯಲ್ಲಿ ಕಡಿಮೆಯಾಗುತ್ತದೆ. ಇಂಥ ನಾಣ್ಯದಲ್ಲಿ ಕೊರೆಯ, ಅಂದರೆ ಆ ಕಡಿಮೆಯಾದ ಭಾಗದ, ಹತ್ತಿರದ ಅಕ್ಷರಗಳು ಲೋಹ ಸಾಲದೆ ಮಂಕಾಗುತ್ತವೆ, ಕೊರೆಗೆ ನೇರ ಎದುರಿನ ಅಂಚೂ ಅನೇಕ ವೇಳೆ ಸರಿಯಾಗಿ ಎದ್ದಿರುವುದಿಲ್ಲ. ಆಮೇಲೆ ಕತ್ತರಿಸಿದ್ದಾದರೆ ಅಕ್ಷರಗಳು ಕೊರೆಯವರೆಗೂ ತುಂಬಿಕೊಂಡಿದ್ದು ಥಟ್ಟನೆ ತುಂಡಾಗಿರುತ್ತವೆ, ಎದುರಿನ ಅಂಚು ಗಟ್ಟಿಯಾಗಿರುತ್ತದೆ, ಭೂತಗನ್ನಡಿ ಹಿಡಿದರೆ ಅರದ ಗೀರುಗಳೂ ಕಂಡಾವು.

ಯಂತ್ರಕ್ಕೆ ಹೊಂದುವ ಈ ಮಾತು ಕೈಯಿಂದ ಅಚ್ಚೊತ್ತಿದ ನಾಣ್ಯಗಳಿಗೆ ಹೊಂದದು. ಮುಮ್ಮಡಿ ಕೃಷ್ಣರಾಜ ಒಡೆಯರ ‘ಮಯಿಲಿ ಕಾಸು’ಗಳಲ್ಲಿ ಬರಹದ ಒಂದು ಭಾಗ ಬಿಲ್ಲೆಯಿಂದ ಆಚೆ ಬಿದ್ದಿದ್ದರೆ ಅದು ಆ ಕಾಲದ ಸಹಜ ರೀತಿ, ಅದನ್ನು ದೋಷವೆಂದು ಕರೆಯುವುದು ಸರಿಯಲ್ಲ. ಬೆಳ್ಳಿಯ ರೂಪಾಯಿಗಳ ಮೇಲೆ ಶರಾಫರು, ಅಂದರೆ ಹಣ ಬದಲಾಯಿಸುವ ವ್ಯಾಪಾರಿಗಳು, ಪರೀಕ್ಷಿಸಿ ಒತ್ತಿದ ಸಣ್ಣ ಮುದ್ರೆಗಳಿಗೂ ಬೇರೆಯೇ ಹೆಸರು ಬೇಕು. ಅವನ್ನು ‘ಶರಾಫ್ ಗುರುತು’ ಎಂದರೆ ಸಾಕೆನಿಸುತ್ತದೆ.

ನಾಣ್ಯ ಕೈಬದಲಾದ ಮೇಲೆ ಕೆಡಿಸಿದ್ದಕ್ಕೆ ‘ಹಾನಿ’ ಎಂಬುದು ಹೊಂದುತ್ತದೆ. ಟಂಕಸಾಲೆಯಲ್ಲೇ ಆದ ತಪ್ಪಿಗೆ ‘ಟಂಕನದೋಷ’ ಎಂದರೆ ಇಂದಿನ ಓದುಗರಿಗೆ ಬೆರಳಚ್ಚಿನ ತಪ್ಪು ನೆನಪಾಗುತ್ತದೆ, ‘ಅಚ್ಚಿನ ತಪ್ಪು’ ಎಂದರೆ ಪುಸ್ತಕದ ಮುದ್ರಣದೋಷ. ಹಾಗಾಗಿ ಸ್ವಲ್ಪ ಉದ್ದವಾದರೂ ‘ಟಂಕಸಾಲೆಯ ದೋಷ’ ಎಂದು ಬರೆಯುವುದೇ ಮೇಲೆಂದು ನನಗೆ ತೋರುತ್ತದೆ.

ಇನ್ನೊಂದು ಪದದ ವಿಷಯದಲ್ಲಿ ಬಲ್ಲವರ ನೆರವು ಬೇಕಾಗಿದೆ. ಒತ್ತಿದ ನಾಣ್ಯ ಅಚ್ಚಿಗೆ ಅಂಟಿಕೊಂಡೇ ಉಳಿದರೆ, ಮುಂದಿನ ಬಿಲ್ಲೆಯ ಒಂದು ಮುಖದ ಮೇಲೆ ಆ ನಾಣ್ಯದ್ದೇ ಚಿತ್ರ ತಿರುಗುಮುರುಗಾಗಿ, ತಗ್ಗಾಗಿ ಮೂಡುತ್ತದೆ. ಸಂಗ್ರಾಹಕರು ಇದನ್ನು ‘ಲಖಿ’ ಎನ್ನುತ್ತಾರೆ. ಎರಡು ನಾಣ್ಯಗಳನ್ನು ಬಿಗಿಯಾಗಿ ಒತ್ತಿ ಇದರ ನಕಲು ಮಾಡುವುದುಂಟು. ಆಗ ತಗ್ಗಿನ ಚಿತ್ರದ ಅಡಿಯಲ್ಲಿ ಆ ಮುಖದ ಮೂಲ ಚಿತ್ರ ಜಜ್ಜಿಹೋಗಿ ಅಲ್ಲಲ್ಲಿ ಉಳಿದಿರುತ್ತದೆ. ನಿಜವಾದ ಲಖಿಗೆ ‘ಪಡಿಯಚ್ಚು’ ಎಂದು ಬರೆದರೆ ಪ್ರತಿರೂಪವೆಂಬ ಅರ್ಥ ಬಂದು ದಾರಿತಪ್ಪಿಸುತ್ತದೆ. ‘ತಗ್ಗಚ್ಚು’ ಎನ್ನಬಹುದೆ? ಅಥವಾ ಅಚ್ಚಿನ ಕೆಲಸ ಮಾಡುವ ಅಕ್ಕಸಾಲಿಗರಲ್ಲಿ ಇದಕ್ಕೆ ರೂಢಿಯ ಮಾತೇನಾದರೂ ಇದೆಯೆ?