ಪುಟ್ಟೀ, ನಿಮ್ಮಪ್ಪನ ಗಡ್ಡೆ ವಿಚಾರ

ಪುಟ್ಟೀ, ನಾನು ಮಂಡ್ಯದ ದೊಡ್ಡಮ್ಮ ಕಣವ್ವಾ. ಟೈಪ್ ಮಾಡಕ್ಕೆ ಕಣ್ಣು ಕಾಣಕ್ಕಿಲ್ಲ, ಅದಕ್ಕೇ ವಾಯ್ಸು. ಅಪ್ಪನಿಗೆ ಪ್ಯಾಂಕ್ರಿಯಾಸ್, ಅದೇ ಹೊಟ್ಟೆ ಹಿಂದಿರೋ ಮೇದೋಜೀರಕ ಗ್ರಂಥಿ, ಅದರ ತಲೆಭಾಗದಲ್ಲಿ ಗಡ್ಡೆ ಅಂದವ್ರೆ, ತಲೆಗಾದ್ರೆ ಕೆಟ್ಟದಾ, ಬಾಲಕ್ಕಾದ್ರೆ ಕೆಟ್ಟದಾ ಅಂತ ಕೇಳಿದ್ಯಲ್ಲ. ಮೊದ್ಲು ಅಳದು ನಿಲ್ಸು. ಪಿತ್ತದ ನಾಳ ಹಾಯ್ದು ಹೋಗದೇ ಆ ತಲೆ ಒಳಗೆ. ಗಡ್ಡೆ ಇನ್ನೂ ಸಣ್ಣದಿದ್ದಾಗ್ಲೇ ಅದನ್ನ ಒತ್ತಿ ಕಣ್ಣು ಹಳದಿ ಮಾಡ್ತದೆ, ಜನ ಹೆದರಿ ಆಸ್ಪತ್ರೆಗೆ ಓಡ್ತಾರೆ. ಬಾಲದಲ್ಲಾದ್ರೆ ಸದ್ದೇ ಇಲ್ಲ. ಬೆನ್ನುನೋವು ಅನ್ನೋ ಹೊತ್ಗೆ ಎಷ್ಟೋ ಜನಕ್ಕೆ ಲಿವರ್‌ಗೆ ಹೋಗಿರ್ತದೆ.

ಆದ್ರೆ ನಮ್ಮಣ್ಣಂದೂ ತಲೆಭಾಗವೇ ಕಣವ್ವಾ. ಉಚ್ಚೆ ಕಾಫಿ ಡಿಕಾಕ್ಷನ್ ಹಂಗೆ. ಮೈಯೆಲ್ಲಾ ನವೆ, ರಾತ್ರಿಯೆಲ್ಲಾ ಬಾಚಣಿಗೇಲಿ ಬೆನ್ನು ಕೆರ್ಕಂಡು ಕೂತಿರೋನು. ಪಂಚೆ ಸೊಂಟದಲ್ಲಿ ನಿಲ್ತಿರ್ಲಿಲ್ಲ. ನೋವು ಮಾತ್ರ ಇಲ್ಲ. ನೋವಿಲ್ವಲ್ಲ, ಬರೀ ಕಾಮಾಲೆ ಬುಡಿ ಅಂತ ಅತ್ತಿಗೆ ತವರಿನೋರು ನಾಟಿ ಔಷಧಿಗೆ ಕರ್ಕಂಡೋದ್ರು. ಬರೀ ಹೊಟ್ಟೇಲಿ ಸೊಪ್ಪಿನ ರಸ, ಆಮೇಲೆ ಉಪ್ಪಿಲ್ಲದ ಪಥ್ಯ. ಇನ್ನೊಂದು ವಾರ, ಇನ್ನೊಂದು ವಾರ ಅಂತ ಕಬ್ಬು ಕಡಿಯೋ ಕಾಲವೇ ಮುಗೀತು. ಸಿಟಿ ಸ್ಕ್ಯಾನ್ ಮಾಡ್ಸಿದಾಗ ಗಡ್ಡೆ ದೊಡ್ಡ ರಕ್ತನಾಳನ ಸುತ್ತಾಕಂಡಿತ್ತು, ಕೊಯ್ಯೋ ಹಂಗಿಲ್ಲ ಅಂದ್ಬುಟ್ರು. ಬೇಗ ಗೊತ್ತಾಗಿದ್ದೇ ತಲೆಭಾಗದ ಲಾಭ, ಅದನ್ನ ಸೊಪ್ಪಿನ ರಸದಲ್ಲಿ ಕಳ್ಕಂಡ್ರು. ನಾಟಿ ಔಷಧಿ ಅಂತ ದಿನ ಕಳೀಬೇಡಿ. ಯಾರಾದ್ರೂ ಕಾಮಾಲೆಗೆ ಬೇರು ಕಟ್ತೀವಿ, ರಸ ಕೊಡ್ತೀವಿ ಅಂತ ಬಂದ್ರೆ ಹೊಸಲಲ್ಲೇ ವಾಪಸ್ ಕಳ್ಸು, ಕೇಳಿಸ್ತಾ?

ಅಣ್ಣ ಆಸ್ಪತ್ರೇಲಿದ್ದಾಗ ಈ ಗ್ರೂಪಲ್ಲಿ ದಿನಾ ಹೂವಿನ ಫೋಟೋ ಹಾಕೋರು ಒಬ್ರೂ ತಿರುಗಿ ನೋಡ್ಲಿಲ್ಲ. ತಿಥಿ ದಿನ ಮಾತ್ರ ಕಾರು ಮಾಡ್ಕಂಡು ಬಂದ್ರು. ಬಾಡೂಟ ಉಂಡು, ಮುದ್ದೆ ಗಟ್ಟಿ ಆಯ್ತು ಅಂದೋರೂ ಇದ್ದಾರೆ. ಹೆಸರು ಹೇಳಕ್ಕಿಲ್ಲ, ಅವ್ರೂ ಇದನ್ನ ಕೇಳ್ತಾ ಅವ್ರೆ.

ಅಯ್ಯೋ, ಹೇಳಬೇಕಾದ್ದೇ ಬುಟ್ಟೋಯ್ತು. ನಮ್ಮ ನರ್ಸ್ ಸೊಸೆ ಹೇಳಿದ್ದು ಇದು. ಕಾಮಾಲೆ ಇಳ್ಸಕ್ಕೆ ಪಿತ್ತದ ನಾಳಕ್ಕೆ ಸ್ಟೆಂಟ್ ಅನ್ನೋ ಸಣ್ಣ ಕೊಳವೆ ಹಾಕ್ತೀವಿ ಅಂದ್ರೆ, ಅದಕ್ಕೆ ಮುಂಚೆ ಪ್ಯಾಂಕ್ರಿಯಾಸ್‌ಗೇ ಅಂತ ಮಾಡೋ ಸಿಟಿ ಆಗಿದ್ಯಾ ಕೇಳು. ಸ್ಟೆಂಟ್ ಆದ್ಮೇಲೆ ಊತ ಬಂದು ಸ್ಕ್ಯಾನಲ್ಲಿ ಸರಿಯಾಗಿ ತಿಳಿಯಕ್ಕಿಲ್ವಂತೆ. ಚಳಿಜ್ವರ ಬಂದ್ರೆ ಮಾತ್ರ ಕಾಯಬೇಡಿ, ತಕ್ಷಣ ಕರ್ಕಂಡೋಗಿ. ಸಿಎ 19-9 ಅನ್ನೋ ರಕ್ತ ಪರೀಕ್ಷೇಲಿ ಜಾಸ್ತಿ ಬಂದ್ರೆ ಗಾಬರಿ ಬೇಡ, ಬರೀ ಕಾಮಾಲೆಗೂ ಅದು ಏರ್ತದೆ. ಗಡ್ಡೆ ರಕ್ತನಾಳ ಮುಟ್ಟಿದ್ಯಾ, ಆ ತಲೆಭಾಗನೇ ಕೊಯ್ದು ತೆಗೆಯೋ ವಿಪಲ್ ಆಪರೇಷನ್ ಆಗ್ತದಾ, ಮೊದ್ಲು ಕೀಮೋನಾ ಅಂತ ಕೇಳು. ಪಿತ್ತದ ನಾಳ ಕರುಳಿಗೆ ಸೇರೋ ಬಾಯಲ್ಲಿ ಹುಟ್ಟಿದ ಗಡ್ಡೆ ಆದ್ರೆ ಇನ್ನೂ ವಾಸಿಯಂತೆ, ಅದನ್ನೂ ಕೇಳ್ಬುಡು. ಬೆಂಗಳೂರು ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗದಾದ್ರೆ ಸ್ಕ್ಯಾನ್ ಸಿಡಿ ಮರೀಬೇಡ, ಬರೀ ರಿಪೋರ್ಟ್ ಕಾಗ್ದ ಸಾಲಕ್ಕಿಲ್ಲ. ರೇಷನ್ ಕಾರ್ಡೂ ಇಟ್ಕೋ.