ಹದಿನೆಂಟು ದಾಟಿದವರಿಗೆ ‘ಪಾಲಕ’ ಎನ್ನಬಹುದೇ?

ಪದಬಲ್ಲ ಹಿರಿಯರಿಗೂ ಗೆಳೆಯರಿಗೂ ಶಿರಸಿಯಿಂದ ನಮಸ್ಕಾರ.

ಪ್ರಾಯಕ್ಕೆ ಬಂದಿದ್ದರೂ ತನ್ನ ಆರೈಕೆಯನ್ನಾಗಲಿ ಆಸ್ತಿಯ ವ್ಯವಹಾರವನ್ನಾಗಲಿ ತಾನೇ ನೋಡಿಕೊಳ್ಳಲಾಗದ ವ್ಯಕ್ತಿಗೆ ಕಾನೂನಿನ ಪ್ರಕಾರ ನೇಮಕವಾಗುವ ‘ಗಾರ್ಡಿಯನ್’ನನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು ಎಂಬುದು ನನ್ನ ಪ್ರಶ್ನೆ. ನಿಘಂಟು ತೆರೆದರೆ ಪಾಲಕ, ಪೋಷಕ, ರಕ್ಷಕ, ಸಂರಕ್ಷಕ ಎಂಬ ಪದಗಳು ಸಾಲಾಗಿ ಸಿಗುತ್ತವೆ. ಬರೆಯಲು ಕುಳಿತಾಗ ಅವುಗಳಲ್ಲಿ ಒಂದೂ ನಿಲ್ಲಲಿಲ್ಲ.

ಪ್ರಶ್ನೆ ಹುಟ್ಟಿದ ಸಂದರ್ಭವನ್ನು ಹೇಳಿಬಿಡುತ್ತೇನೆ. ನಮ್ಮ ಪರಿಚಯದ ಮನೆಯೊಂದರಲ್ಲಿ ಹುಟ್ಟಿನಿಂದಲೇ ಬೌದ್ಧಿಕ ಅಂಗವೈಕಲ್ಯವಿರುವ, ಈಗ ನಲವತ್ತೊಂದು ವರ್ಷದ ತಮ್ಮನಿದ್ದಾನೆ. ತಾಯಿ ತೀರಿಕೊಂಡ ಮೇಲೆ ತೋಟದ ಒಂದು ಪಾಲು ಅವನ ಹೆಸರಿಗೆ ಬಂದಿದೆ. ಅವನ ಗಾರ್ಡಿಯನ್ ಆಗಲು ಅಣ್ಣ ಜಿಲ್ಲಾ ಕೇಂದ್ರವಾದ ಕಾರವಾರಕ್ಕೆ ಅರ್ಜಿ ಹಾಕುವವರಿದ್ದರು; ಇಂಗ್ಲಿಷಿನ ಅರ್ಜಿಯನ್ನು ಮನೆಯವರೆಲ್ಲ ಓದಿ ಒಪ್ಪುವಂತೆ ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂತು. ನಾನು ಯೋಚಿಸದೆ ‘ಪಾಲಕ’ ಎಂದು ಬರೆದು, ಜಗಲಿಯಲ್ಲಿ ಕುಳಿತು ಓದಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಯಾರ ಸಲುವಾಗಿ ಅರ್ಜಿಯೋ ಆ ತಮ್ಮ ಮಾತ್ರ, “ಪಾಲಕರ ಸಹಿ ಶಾಲೆಗೆ ಬೇಕಾಗಿತ್ತು, ಈಗ ಎಂತಕ್ಕೆ?” ಎಂದು ಕೇಳಿದ. ನಮ್ಮ ಕಡೆ ಪ್ರಗತಿಪತ್ರದ ಮೇಲೆ ಸಹಿ ಹಾಕುವವರು ಪಾಲಕರು, ಶಾಲೆಯಲ್ಲಿ ನಡೆಯುವುದು ಪಾಲಕರ ಸಭೆ. ಮೈಸೂರು ಕಡೆಯವರು ಅದನ್ನೇ ಪೋಷಕರ ಸಭೆ ಎನ್ನುತ್ತಾರೆ. ಎರಡೂ ಪದಗಳು ಬಳಕೆಯಲ್ಲಿ ತಂದೆತಾಯಿಗಳಿಗೇ ಮೀಸಲಾಗಿಬಿಟ್ಟಿವೆ, ಎದುರಿಗೆ ಇರುವವರು ಮಕ್ಕಳೇ ಎಂದು ಮೊದಲೇ ತೀರ್ಮಾನಿಸಿಬಿಟ್ಟಿವೆ. ಅವನ ಆಕ್ಷೇಪಣೆ ನನ್ನ ನಿಘಂಟಿಗಿಂತ ಸರಿಯಾಗಿತ್ತು.

ಈ ದೋಷ ಇಂದಿನದಲ್ಲ ಎಂಬುದಕ್ಕೆ ನಮ್ಮ ಜಿಲ್ಲೆಯ ಕಾಗದಪತ್ರಗಳೇ ಸಾಕ್ಷಿ. ಉತ್ತರ ಕನ್ನಡ 1862ರಿಂದ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮುಂಬಯಿ ಆಡಳಿತದಲ್ಲಿ ಇದ್ದುದರಿಂದ ಇಲ್ಲಿಯ ಕಚೇರಿ ಕನ್ನಡಕ್ಕೆ ಮರಾಠಿಯ ಒಗರು ಈಗಲೂ ಇದೆ. ಬೇರೆಡೆಯ ಉಯಿಲು ನಮ್ಮಲ್ಲಿ ಮೃತ್ಯುಪತ್ರ, ಪವರ್ ಆಫ್ ಅಟಾರ್ನಿ ನಮ್ಮಲ್ಲಿ ವಟಮುಖತ್ಯಾರ. ಹಾಗೆಯೇ ಪಹಣಿಯಲ್ಲಿ ಮಗುವಿನ ಹೆಸರಿನ ಮುಂದೆ ‘ಅ.ಪಾ.ಕ. ತಾಯಿ’ ಎಂದು ಬರೆದು ತಾಯಿಯ ಹೆಸರು ಹಾಕುವ ರೂಢಿಯಿದೆ. ಅ.ಪಾ.ಕ. ಎಂದರೆ ಅಜ್ಞಾನ ಪಾಲನಕರ್ತ. ಹದಿನೆಂಟು ತುಂಬದವನು ‘ಅಜ್ಞಾನ’, ತುಂಬಿದ ದಿನವೇ ‘ಸಜ್ಞಾನ’, ಆ ಮೇಲೆ ಅರ್ಜಿ ಕೊಟ್ಟರೆ ಪಾಲನಕರ್ತನ ಹೆಸರು ಕಡಿಮೆಯಾಗುತ್ತದೆ. ಮರಾಠಿಯಲ್ಲಿ ಇದು ವಯಸ್ಸನ್ನು ಹೇಳುವ ಒಣ ಪಾರಿಭಾಷಿಕ ಪದವಷ್ಟೇ. ಆದರೆ ಕನ್ನಡದ ಕಿವಿಗೆ ಅಜ್ಞಾನವೆಂದರೆ ತಿಳಿವಿಲ್ಲದಿರುವಿಕೆ, ವೇದಾಂತಿಗಳ ಬಾಯಲ್ಲಾದರೆ ಅವಿದ್ಯೆ. ಇಂಥ ಚೌಕಟ್ಟಿನಲ್ಲಿ ಹದಿನೆಂಟು ದಾಟಿಯೂ ನೆರವು ಬೇಕಾದ ಮನುಷ್ಯನಿಗೆ ಜಾಗವೇ ಇಲ್ಲ. ಅವನನ್ನು ಸಜ್ಞಾನನೆಂದರೆ ನೆರವು ತಪ್ಪುತ್ತದೆ. ನಲವತ್ತರ ವಯಸ್ಸಿನಲ್ಲಿ ಅಜ್ಞಾನನೆಂದು ಬರೆದರೆ ಅದು ಬೈಗುಳವಾಗುತ್ತದೆ.

ಕಾನೂನಿನ ಕಡೆಯಿಂದ ನೋಡಿದರೂ ಮೊದಲು ಕಣ್ಣಿಗೆ ಬೀಳುವುದು ಮಕ್ಕಳ ಗಾರ್ಡಿಯನ್ನೇ. 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆ ಅಪ್ರಾಪ್ತರಿಗೆ ಮಾತ್ರ ಅನ್ವಯಿಸುತ್ತದೆ. ವಯಸ್ಕರ ವಿಚಾರ 1912ರ ಲೂನಸಿ ಕಾಯ್ದೆಯಲ್ಲಿ ಹುಚ್ಚಿನ ಹೆಸರಿನಲ್ಲಿ ಇತ್ತು, 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮುಂದುವರಿಯಿತು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ ಹಾಗೂ ಬಹುವಿಧ ಅಂಗವೈಕಲ್ಯ ಇರುವವರಿಗೆಂದೇ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂದ ಮೇಲೆ, ಜಿಲ್ಲಾಧಿಕಾರಿ ದರ್ಜೆಯ ಅಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಗಾರ್ಡಿಯನ್ ನೇಮಿಸುವ ಅಧಿಕಾರ ದೊರೆಯಿತು. ನಮ್ಮ ಅರ್ಜಿ ಹೋಗುವುದು ಇದೇ ಸಮಿತಿಗೆ. ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು: ಮಗ ಹದಿನೆಂಟು ದಾಟಿದ ಮೇಲೆ ಹೆತ್ತವರು ಕೂಡ ತಾವಾಗಿಯೇ ಅವನ ಕಾನೂನುಬದ್ಧ ಗಾರ್ಡಿಯನ್ ಆಗಿ ಉಳಿಯುವುದಿಲ್ಲ, ಅವರೂ ಅರ್ಜಿ ಹಾಕಬೇಕು. ಹೆತ್ತವರ ಅರ್ಥವುಳ್ಳ ಪದವನ್ನೇ ಈ ಹುದ್ದೆಗೆ ಇಟ್ಟರೆ ಈ ಸಂಗತಿ ಯಾರಿಗೂ ತಲೆಗೆ ಹೋಗುವುದಿಲ್ಲ. “ನಾವು ಹೇಗೂ ಪಾಲಕರೇ, ಮತ್ತೆ ಆದೇಶವೇಕೆ?” ಎಂದು ಕೇಳುವವರನ್ನು ನಾನೇ ಕಂಡಿದ್ದೇನೆ.

ವಟಮುಖತ್ಯಾರ ಬರೆಸಿಕೊಂಡರೆ ಸಾಕು ಎಂಬ ನಂಬಿಕೆಯೂ ನಮ್ಮಲ್ಲಿ ಬಲವಾಗಿದೆ. 1872ರ ಕರಾರು ಕಾಯ್ದೆಯ 201ನೆಯ ಕಲಮಿನಂತೆ ಬರೆದುಕೊಟ್ಟವರ ಚಿತ್ತಸ್ವಾಸ್ಥ್ಯ ಹೋದೊಡನೆ ಆ ಮುಖತ್ಯಾರಿಯೂ ಹೋಗುತ್ತದೆ. ನೆರವು ನಿಜಕ್ಕೂ ಬೇಕಾಗುವ ಹೊತ್ತಿಗೆ ಕಾಗದ ನಿರರ್ಥಕ. ಆದ್ದರಿಂದ ‘ಮುಖತ್ಯಾರ’ ಎಂಬ ಬಳಕೆಯ ಪದವನ್ನು, ಎಷ್ಟೇ ಹತ್ತಿರವೆನಿಸಿದರೂ, ನಾನು ಬದಿಗಿಟ್ಟೆ.

ಇನ್ನು ‘ರಕ್ಷಕ’ ಪೊಲೀಸರಿಗೆ ಸಂದುಹೋದ ಪದ. ‘ಸಂರಕ್ಷಕ’ ಗಂಭೀರವಾಗಿದೆ ನಿಜ, ಆದರೆ ಶಿರಸಿಯಲ್ಲಿ ಸಂರಕ್ಷಣೆ ಎಂದೊಡನೆ ಅರಣ್ಯ ಸಂರಕ್ಷಣಾಧಿಕಾರಿಯ ಕಚೇರಿಯೇ ನೆನಪಾಗುತ್ತದೆ. ಮನುಷ್ಯನನ್ನು ಮರಗಳ ಪಟ್ಟಿಗೆ ಸೇರಿಸಿದಂತಾಗುತ್ತದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಪದದ ಸಮಸ್ಯೆ ಇನ್ನಷ್ಟು ಮೊನಚಾಗಿದೆ. ಅದರ 14ನೆಯ ಕಲಮು ‘ಲಿಮಿಟೆಡ್ ಗಾರ್ಡಿಯನ್‌ಶಿಪ್’ ಎಂಬುದನ್ನು ತಂದಿತು. ಇಬ್ಬರ ನಡುವಿನ ತಿಳಿವಳಿಕೆ ಮತ್ತು ನಂಬಿಕೆಯ ಮೇಲೆ, ಗೊತ್ತಾದ ಅವಧಿಗೆ, ಗೊತ್ತಾದ ನಿರ್ಧಾರಕ್ಕೆ ಮಾತ್ರ, ಆ ವ್ಯಕ್ತಿಯ ಇಚ್ಛೆಯಂತೆ ಜೊತೆಯಾಗಿ ತೀರ್ಮಾನ ತೆಗೆದುಕೊಳ್ಳುವ ವ್ಯವಸ್ಥೆ ಅದು. ಅದಕ್ಕೂ ಮುಂಚೆ ಬೇರೆ ಕಾಯ್ದೆಗಳಡಿ ನೇಮಕವಾದವರು ಕೂಡ ಇನ್ನು ಮುಂದೆ ಹೀಗೆಯೇ ನಡೆದುಕೊಳ್ಳಬೇಕೆಂದು ಕಾಯ್ದೆ ಹೇಳುತ್ತದೆ. ಭಾರತ 2007ರಲ್ಲಿ ಅನುಮೋದಿಸಿದ, ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯ 12ನೆಯ ವಿಧಿ ಇದರ ಬೇರು. ಇದನ್ನು ‘ಸೀಮಿತ ಪಾಲಕತ್ವ’ ಎಂದು ಕನ್ನಡಿಸಿದರೆ ಸೀಮಿತವಾದದ್ದು ಏನು ಎಂಬುದೇ ತಿಳಿಯುವುದಿಲ್ಲ. ಪಾಲಿಸುವುದರಲ್ಲಿ ಜಿಪುಣತನ ಎಂಬಂತೆ ಕೇಳಿಸುತ್ತದೆ. ‘ಲೀಗಲ್ ಕೆಪ್ಯಾಸಿಟಿ’ಗೆ ‘ಕಾನೂನು ಸಾಮರ್ಥ್ಯ’ ಎಂದು ಬರೆಯುವವರಿಗೂ ನನ್ನ ತಕರಾರು ಇದೆ. ಸಾಮರ್ಥ್ಯ ಮೈಗೆ ಬುದ್ಧಿಗೆ ಸೇರಿದ್ದು, ಕಡಿಮೆಯಾಗಬಹುದು. ಕಾಯ್ದೆ ಹೇಳುವುದು ಸಾಮರ್ಥ್ಯ ಕುಂದಿದವರಿಗೂ ಉಳಿಯುವ ಅರ್ಹತೆಯನ್ನು. ‘ವ್ಯವಹಾರದ ಅರ್ಹತೆ’ ಎಂದರೆ ಅರ್ಥ ಕೆಡುವುದಿಲ್ಲವೆಂದು ನನಗೆ ತೋರುತ್ತದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ‘ನಾಮನಿರ್ದೇಶಿತ ಪ್ರತಿನಿಧಿ’ ಮತ್ತೊಂದು ತೊಡಕು. ಇವನ ಕೆಲಸ ಚಿಕಿತ್ಸೆಯ ತೀರ್ಮಾನಗಳಿಗೆ ಒತ್ತಾಸೆಯಾಗುವುದು, ಆಸ್ತಿಯ ಮಾತು ಅಲ್ಲಿಲ್ಲ. ನಮ್ಮ ಜನರೋ ಈ ಪದವನ್ನು ಬ್ಯಾಂಕಿನ ನಾಮಿನಿಯಿಂದ ಬಲ್ಲವರು. ‘ಹಾಗಾದರೆ ದುಡ್ಡು ಅವನಿಗೇ ಹೋಗುತ್ತದೋ’ ಎಂಬ ಶಂಕೆ ತಕ್ಷಣ ಏಳುತ್ತದೆ.

ಇದೇ ದಾರಿಯಲ್ಲಿ ನೆನಪಾಗುವ ಇನ್ನೊಂದು ಪದ ‘ನೆಕ್ಸ್ಟ್ ಫ್ರೆಂಡ್’. ಚಿತ್ತಸ್ವಾಸ್ಥ್ಯವಿಲ್ಲದವರ ಪರವಾಗಿ ದಾವೆ ಹೂಡುವವರಿಗೆ ದಿವಾಣಿ (ಸಿವಿಲ್) ಪ್ರಕ್ರಿಯಾ ಸಂಹಿತೆ ಇಟ್ಟ ಹೆಸರು ಇದು. ಹೊನ್ನಾವರ ತಾಲೂಕಿನ ಹಳದೀಪುರದಿಂದ ಹೋಗಿ ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅರುಣಾ ಶಾನಭಾಗ 1973ರ ನವೆಂಬರಿನಲ್ಲಿ ಹಲ್ಲೆಗೊಳಗಾಗಿ, 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ಆ ಆಸ್ಪತ್ರೆಯ ಹಾಸಿಗೆಯಲ್ಲೇ ಇದ್ದರು. ಅವರ ಸಲುವಾಗಿ ಲೇಖಕಿಯೊಬ್ಬರು ತಂದ ಅರ್ಜಿಯಲ್ಲಿ ಸುಪ್ರೀಂ ಕೋರ್ಟು 2011ರಲ್ಲಿ ತೀರ್ಮಾನಿಸಬೇಕಾಗಿದ್ದ ಪ್ರಶ್ನೆಗಳಲ್ಲಿ ಒಂದು, ಅವರ ನೆಕ್ಸ್ಟ್ ಫ್ರೆಂಡ್ ಯಾರು ಎಂಬುದಾಗಿತ್ತು. ಅಷ್ಟು ವರ್ಷ ದಿನವೂ ಉಣಿಸಿ ತೊಳೆದು ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯೇ ಆ ಸ್ಥಾನಕ್ಕೆ ತಕ್ಕವರು ಎಂದು ಕೋರ್ಟು ಹೇಳಿತು. ‘ಹತ್ತಿರದ ಸ್ನೇಹಿತ’ ಎಂದು ಅನುವಾದಿಸಿದರೆ ತೀರ್ಪಿನ ತೂಕವೇ ಹೋಗುತ್ತದೆ. ಹಿಂದಿಯ ‘ವಾದಮಿತ್ರ’ ಕನ್ನಡಕ್ಕೂ ಒಗ್ಗುತ್ತದೆ. ಆದರೆ ದಾವೆ ಮುಗಿದ ಮೇಲೆ ವಾದಮಿತ್ರನ ಕೆಲಸವೂ ಮುಗಿಯುತ್ತದೆ, ನಮ್ಮ ಅಣ್ಣನ ಕೆಲಸ ಅಲ್ಲಿಂದಲೇ ಶುರು.

ನೆರವು ಪಡೆಯುವವರ ಹೆಸರೂ ಇಷ್ಟೇ ಕಷ್ಟದ್ದು. ‘ದುರ್ಬಲ’ ಎಂದರೆ ದುರ್ಬಲ ವರ್ಗವೆಂದು ತಿಳಿಯುತ್ತಾರೆ, ‘ಪರಾವಲಂಬಿ’ ಎಂದರೆ ಮಾವಿನ ಮರದ ಬದನಿಕೆ ಕಣ್ಣಿಗೆ ಬರುತ್ತದೆ. ಮನೆಮಾತಿನಲ್ಲಿ ‘ಕೈಕಾಲು ಸ್ವಾಧೀನ ಇಲ್ಲೆ’, ‘ಬುದ್ಧಿ ಸ್ವಾಧೀನದಲ್ಲಿಲ್ಲ’ ಎನ್ನುವುದುಂಟು. ಎಷ್ಟು ಹದವಾದ ಮಾತು! ಯಾರನ್ನೂ ಹೀಗಳೆಯುವುದಿಲ್ಲ, ಇರುವ ಸ್ಥಿತಿಯನ್ನಷ್ಟೇ ಹೇಳುತ್ತದೆ. ಕಚೇರಿಗೆ ಒಯ್ದೊಡನೆ ಕೆಡುತ್ತದೆ, ಏಕೆಂದರೆ ಅಲ್ಲಿ ಸ್ವಾಧೀನವೆಂದರೆ ಜಮೀನಿನ ಕಬ್ಜಾ. ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ, ಕೊಂಕಣ ರೈಲು ಇವುಗಳಿಗಾಗಿ ಭೂಸ್ವಾಧೀನ ಕಂಡ ಜಿಲ್ಲೆಯಲ್ಲಿ ಆ ಪದವನ್ನು ಕೇಳಿ ಯಾರೂ ಆರೈಕೆಯನ್ನು ನೆನೆಯಲಾರರು. ‘ಸ್ವಾಧೀನವಿಲ್ಲದ ವ್ಯಕ್ತಿಯ ಸ್ವಾಧೀನದಲ್ಲಿರುವ ತೋಟ’ ಎಂದು ಒಮ್ಮೆ ಬರೆದು ನಾನೇ ಹೊಡೆದುಹಾಕಿದೆ.

ಹಿರಿಯ ನಾಗರಿಕರಿಗಾಗಿ ಇರುವ 2007ರ ಕಾಯ್ದೆ ಈ ಚರ್ಚೆಗೆ ನೇರವಾಗಿ ಸೇರುವುದಿಲ್ಲ. ಅಲ್ಲಿ ಉಪವಿಭಾಗಾಧಿಕಾರಿಯ ಮುಂದೆ ಕೇಳುವುದು ತಿಂಗಳಿಗೆ 10,000 ರೂಪಾಯಿಯವರೆಗಿನ ಪೋಷಣೆಯ ಹಣವನ್ನು, ಪರವಾಗಿ ನಡೆಯುವ ಅಧಿಕಾರವನ್ನಲ್ಲ. ಆದರೂ ‘ಪೋಷಕರ ಪೋಷಣೆ’ ಎಂದು ಓದಿದಾಗಲೆಲ್ಲ ನನಗೆ ಆ ಪದ ತನ್ನ ಬಾಲವನ್ನೇ ಹಿಡಿಯಲು ತಿರುಗುವ ನಾಯಿಯಂತೆ ಕಾಣುತ್ತದೆ.

ಇಷ್ಟೆಲ್ಲ ಅಳೆದ ಮೇಲೆ ನನ್ನ ಒಲವು ‘ಹೊಣೆಗಾರ’ ಎಂಬ ಪದದ ಕಡೆಗಿದೆ. ನೇಮಕವಾದವನು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು, ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು ಎಂದು 1999ರ ಕಾಯ್ದೆ ಹೇಳುತ್ತದೆ. ಪಾಲಕನನ್ನು ಯಾರೂ ಲೆಕ್ಕ ಕೇಳುವುದಿಲ್ಲ. ಹೊಣೆಗಾರ ಲೆಕ್ಕ ಕೊಡಲೇಬೇಕಾದವನು. ಜೊತೆಗೆ, ಹೊಣೆ ಹೊತ್ತವನು ದೊಡ್ಡವನು, ಹೊರಿಸಿದವನು ಚಿಕ್ಕವನು ಎಂಬ ಭಾವ ಈ ಪದದಲ್ಲಿ ಇಲ್ಲ. ವಕೀಲ ಮಿತ್ರರು ಒಪ್ಪಿಲ್ಲ. ಸೊಸೈಟಿ ಸಾಲಕ್ಕೆ ಸಹಿ ಹಾಕಿದವನೂ ಹೊಣೆಗಾರ, ಅಪಘಾತ ಮಾಡಿದವನೂ ಹೊಣೆಗಾರ, ನಾಳೆ ತಮ್ಮನ ಸಾಲವನ್ನೆಲ್ಲ ಅಣ್ಣನೇ ತೀರಿಸಬೇಕೆಂದು ಯಾರಾದರೂ ವಾದಿಸಿದರೆ ಏನು ಮಾಡುತ್ತೀರಿ ಎಂದು ಅವರು ಕೇಳಿದರು. ‘ಒತ್ತಾಸೆದಾರ’ ಎಂದು ಹೊಸದಾಗಿ ಕಟ್ಟೋಣವೆಂದರೆ ಕಲಾವಿದರ ಸನ್ಮಾನಪತ್ರದ ಪದದಂತಿದೆ ಎಂದು ನಕ್ಕರು. ಅದರಲ್ಲಿ ಸ್ವಲ್ಪ ನಿಜವೂ ಇದೆ.

ತಿಳಿದವರಲ್ಲಿ ನಾನು ಕೇಳುವುದು ಎರಡು ಸಂಗತಿ. ಮಂಗಳೂರು, ಮೈಸೂರು, ಕಲಬುರಗಿ ಕಡೆಯ ಹಳೆಯ ಪತ್ರಗಳಲ್ಲಿ, ಮಕ್ಕಳ ಪಾಲನಕರ್ತನಿಗೆ ಇಟ್ಟ ಹೆಸರಲ್ಲದೆ, ಬುದ್ಧಿ ಸ್ಥಿಮಿತದಲ್ಲಿಲ್ಲದ ವಯಸ್ಕರ ಪರವಾಗಿ ಸಹಿ ಹಾಕಿದವರಿಗೆ ಬೇರೆ ಪದವೇನಾದರೂ ಬಳಕೆಯಾದದ್ದನ್ನು ನೋಡಿದ್ದೀರಾ? ಮತ್ತು ‘ಹೊಣೆಗಾರ’ ಎಂಬುದರ ಮುಂದೆ ‘ಆರೈಕೆ’ಯನ್ನೋ ‘ವ್ಯವಹಾರ’ವನ್ನೋ ಸೇರಿಸಿದರೆ ವಕೀಲರ ಆಕ್ಷೇಪಣೆ ನೀಗುತ್ತದೆಯೇ? ಅರ್ಜಿಯ ಕನ್ನಡ ಪ್ರತಿಯನ್ನು ಬರುವ ಸೋಮವಾರ ಕೊಡಬೇಕಾಗಿದೆ. ‘ಪಾಲಕ’ ಇದ್ದ ಕಡೆಯಲ್ಲೆಲ್ಲ ಸದ್ಯಕ್ಕೆ ‘ವ್ಯವಹಾರದ ಹೊಣೆಗಾರ’ ಎಂದು ಪೆನ್ಸಿಲಿನಲ್ಲಿ ತಿದ್ದಿಟ್ಟಿದ್ದೇನೆ. ತಮ್ಮನಿಗೆ ಅದನ್ನು ಓದಿ ಹೇಳುವುದು ಇನ್ನೂ ಬಾಕಿಯಿದೆ.