'ಕನ್ಸರ್ನ್ಡ್ ಆಫೀಸರ್' ಸರಿಯಾ, 'ಆಫೀಸರ್ ಕನ್ಸರ್ನ್ಡ್' ಸರಿಯಾ?

ಪ್ರಶ್ನೆ:
ನಮ್ಮ ಕಚೇರಿಯಲ್ಲಿ ಇದೇ ಜಗಳ. ಸೂಪರಿಂಟೆಂಡೆಂಟ್ 'ದಿ ಕನ್ಸರ್ನ್ಡ್ ಆಫೀಸರ್' ಅಂತಾರೆ. ಸಾಹೇಬರು ಅದನ್ನು ಹೊಡೆದು 'ದಿ ಆಫೀಸರ್ ಕನ್ಸರ್ನ್ಡ್' ಮಾಡ್ತಾರೆ. ಟೈಪ್ ಮಾಡೋಳು ನಾನು! ವಿಶೇಷಣ ಮೊದಲು ಬರಬೇಕು ಅಲ್ವಾ?

ಉತ್ತರ 1:
ಸಾಹೇಬರ ಕಡೆಗೆ ನನ್ನ ವೋಟು. 'ಕನ್ಸರ್ನ್ಡ್' ಮೊದಲು ಬಂದರೆ ಬ್ರಿಟನ್ನಿನವರಿಗೆ ಚಿಂತೆಯಲ್ಲಿರುವ ಅಧಿಕಾರಿ ಅಂತ ಕೇಳಿಸುತ್ತದೆ. ನಾಮಪದದ ನಂತರ ಬಂದರೆ ಸಂಬಂಧಪಟ್ಟವರು. ನಮ್ಮ ದೇಶದಲ್ಲಿ ಎರಡೂ ನಡೆಯುತ್ತದೆ, ಅದು ಬೇರೆ ಮಾತು. 'ಪ್ರೆಸೆಂಟ್' ನೋಡಿ. 'ದಿ ಪ್ರೆಸೆಂಟ್ ಮೆಂಬರ್ಸ್' ಅಂದರೆ ಈಗಿನ ಸದಸ್ಯರು. 'ದಿ ಮೆಂಬರ್ಸ್ ಪ್ರೆಸೆಂಟ್' ಅಂದರೆ ಸಭೆಗೆ ಬಂದವರು. ನಡಾವಳಿಯಲ್ಲಿ ಇದು ತಿರುವುಮುರುವಾದರೆ ಕಷ್ಟ.

ವಿವರಣೆ ಉದ್ದವಾದರೆ ಇಂಗ್ಲಿಷಿನಲ್ಲಿ ಅದು ಸಾಮಾನ್ಯವಾಗಿ ನಾಮಪದದ ನಂತರವೇ: 'ದಿ ಫೈಲ್ ಆನ್ ದಿ ಟೇಬಲ್', 'ದಿ ಲೆಟರ್ ಸೆಂಟ್ ಲಾಸ್ಟ್ ವೀಕ್'. ನಾವು 'ಹೋದ ವಾರ ಕಳಿಸಿದ ಪತ್ರ' ಅಂತ ಎಲ್ಲವನ್ನೂ ಮೊದಲೇ ಹೇಳಿಬಿಡುತ್ತೇವೆ. ತಕರಾರು ಶುರುವಾಗುವುದೇ ಅಲ್ಲಿ.

ಉತ್ತರ 2:
'ಅಟಾರ್ನಿ ಜನರಲ್' ಕೂಡ ಹೀಗೇ, 'ಜನರಲ್' ಅನ್ನುವ ವಿಶೇಷಣ ನಾಮಪದದ ನಂತರ. ಹಿಂದೆ ಇಂಗ್ಲೆಂಡಿನ ಕೋರ್ಟುಗಳಲ್ಲಿ ಬಳಸುತ್ತಿದ್ದ ಕಾನೂನಿನ ಫ್ರೆಂಚ್‌ನಿಂದ ಬಂದ ಕ್ರಮ. ಬಹುವಚನ 'ಅಟಾರ್ನೀಸ್ ಜನರಲ್'.

ಉತ್ತರ 3:
ಕ್ರಿಯಾಪದದ ಮೇಲೂ ಕಣ್ಣಿರಲಿ. 'ದಿ ಲಿಸ್ಟ್ ಆಫ್ ಪೆಂಡಿಂಗ್ ಫೈಲ್ಸ್' ನಂತರ 'ಈಸ್' ಬರಬೇಕು, 'ಆರ್' ಅಲ್ಲ. ಮುಖ್ಯ ಪದ 'ಲಿಸ್ಟ್'. 'ಫೈಲ್ಸ್' ಹತ್ತಿರ ಇದೆ ಅಂತ ಸುಮ್ನೆ ಮೋಸ ಹೋಗಬೇಡಿ.

ಪ್ರಶ್ನೆ ಕೇಳಿದವರು:
ಥ್ಯಾಂಕ್ಸ್. ನಾಳೆಯ ನಡಾವಳಿಗೆ 'ಮೆಂಬರ್ಸ್ ಪ್ರೆಸೆಂಟ್' ಹಾಕ್ತೀನಿ. ಸೂಪರಿಂಟೆಂಡೆಂಟ್‌ಗೆ ನೀವೇ ಹೇಳಿ!